ನಿಲಯದ ಕಲಾವಿದರು ಮತ್ತು ಪಿಂಚಣಿಯ ಪ್ರಶ್ನೆ

ಆಕಾಶವಾಣಿಯಲ್ಲಿ ‘ನಿಲಯದ ಕಲಾವಿದರು’ ಎಂಬ ಒಂದು ವರ್ಗ ಹಲವು ದಶಕ ದುಡಿಯಿತು. ವೀಣೆ, ಪಿಟೀಲು, ಮೃದಂಗ, ತಬಲಾ ನುಡಿಸುವವರು, ನಾಟಕದ ಪಾತ್ರಗಳಿಗೆ ದನಿ ಕೊಡುವವರು, ಉದ್ಘೋಷಕರು, ರೂಪಕ ಬರೆಯುವವರು, ಸುದ್ದಿಯನ್ನು ಕನ್ನಡಕ್ಕೆ ತಂದು ಓದುವವರು, ಕಾರ್ಯಕ್ರಮ ರೂಪಿಸುವ ಪ್ರೊಡ್ಯೂಸರ್‌ಗಳು ಎಲ್ಲರೂ ಈ ಹೆಸರಿನ ಕೆಳಗೇ ಬರುತ್ತಿದ್ದರು. ಕೇಂದ್ರ ಸರ್ಕಾರದ ಕಟ್ಟಡದಲ್ಲಿ, ಕೇಂದ್ರ ಸರ್ಕಾರದ ಅಧಿಕಾರಿಯ ಕೈಕೆಳಗೆ, ಅವರು ಹಾಕಿಕೊಟ್ಟ ವೇಳೆಗೆ ಸರಿಯಾಗಿ ಕೆಲಸ ಮಾಡುತ್ತಿದ್ದ ಇವರನ್ನು 1982ರವರೆಗೆ ಸರ್ಕಾರ ತನ್ನ ನೌಕರರೆಂದು ಒಪ್ಪಿರಲಿಲ್ಲ. ಇವರಿಗೆ ಸಿಗುತ್ತಿದ್ದ ಹಣಕ್ಕೆ ಲೆಕ್ಕಪತ್ರದಲ್ಲಿ ಸಂಭಾವನೆ ಎಂದೇ ಹೆಸರು. ವಯಸ್ಸಾಗಿ ಕೆಲಸ ಬಿಟ್ಟ ಮೇಲೆ ಪಿಂಚಣಿ ಇರಲಿಲ್ಲ. ಕನ್ನಡ ನಾಡಿನ ನಿಲಯಗಳಲ್ಲೂ, ದೆಹಲಿಯ ಕನ್ನಡ ವಾರ್ತಾ ವಿಭಾಗದಲ್ಲೂ ಒಂದು ತಲೆಮಾರನ್ನು ಕಾಡಿದ ಈ ತಕರಾರು ಕಲಾವಿದನಿಗೂ ಸರ್ಕಾರವೆಂಬ ಯಜಮಾನನಿಗೂ ನಡೆದ ದೀರ್ಘವಾದ ಸಂಬಳ, ಪಿಂಚಣಿ ವ್ಯಾಜ್ಯಗಳಲ್ಲಿ ಒಂದು.

ವ್ಯಾಜ್ಯದ ಬೇರು ರೇಡಿಯೊಗಿಂತ ಹಳೆಯದು. ಹಳೆಯ ಮೈಸೂರಿನಲ್ಲಿ ಸಂಗೀತಗಾರ, ಚಿತ್ರಗಾರ, ಶಿಲ್ಪಿಗಳಿಗೆ ಅರಮನೆಯೇ ದೊಡ್ಡ ಆಸರೆ. ಆಸ್ಥಾನ ವಿದ್ವಾಂಸನಿಗೆ ತಿಂಗಳ ಸಂಬಳ, ದಸರೆಯ ಸಂಭಾವನೆ, ಖಿಲ್ಲತ್ತು, ಕೆಲವೊಮ್ಮೆ ಮನೆ, ಭೂಮಿ ಸಿಗುತ್ತಿದ್ದವು. ಅದೆಲ್ಲವೂ ಪ್ರಭುವಿನ ಮರ್ಜಿಯ ಮೇಲೆ ನಿಂತದ್ದು. ದೊರೆ ರಸಿಕನಾಗಿರುವವರೆಗೆ ಯಾರೂ ಕರಾರುಪತ್ರ ಕೇಳುತ್ತಿರಲಿಲ್ಲ. ದೊರೆ ಬದಲಾದಾಗ ಕೇಳಲು ಕೈಯಲ್ಲಿ ಕಾಗದವೇ ಇರುತ್ತಿರಲಿಲ್ಲ. ಇದರ ಪೆಟ್ಟನ್ನು ಅನುಭವಿಸಿದವರಲ್ಲಿ ಒಬ್ಬರು ಕಲಾವಿದ ಕೆ. ವೆಂಕಟಪ್ಪ. 1886ರಲ್ಲಿ ಮೈಸೂರಿನ ಚಿತ್ರಗಾರ ಮನೆತನದಲ್ಲಿ ಹುಟ್ಟಿದ ಅವರನ್ನು ನಾಲ್ವಡಿ ಕೃಷ್ಣರಾಜ ಒಡೆಯರು 1909ರಲ್ಲಿ ಕಲ್ಕತ್ತೆಗೆ ಕಳಿಸಿದರು. ಅಲ್ಲಿ ಅವನೀಂದ್ರನಾಥ ಟಾಗೂರರ ಕೈಕೆಳಗೆ ಕಲಿತು ಮರಳಿದ ವೆಂಕಟಪ್ಪ, ಜಲವರ್ಣದ ನಿಸರ್ಗಚಿತ್ರಗಳಿಗೂ ಅರಮನೆಗಾಗಿ ರೂಪಿಸಿದ ಪ್ಲಾಸ್ಟರ್ ಉಬ್ಬುಶಿಲ್ಪಗಳಿಗೂ ಹೆಸರಾದರು. ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಕಲಿತರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡ ಮೇಲೆ ಅರಮನೆಯ ಜೊತೆಗಿನ ಸಂಬಂಧ ಹಳಸಿತು. ಮಾಡಿದ ಕೆಲಸಕ್ಕೆ ಸಲ್ಲಬೇಕಾದ ಹಣಕ್ಕಾಗಿ ವೆಂಕಟಪ್ಪ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಮುಂದೆ ಅವರು ಬೆಂಗಳೂರಿನಲ್ಲಿ ನೆಲೆಸಿ, 1965ರಲ್ಲಿ ಅಲ್ಲೇ ತೀರಿಕೊಂಡರು. ಕಲಾವಿದನೊಬ್ಬ ತನ್ನ ಕೆಲಸದ ಬೆಲೆಯನ್ನು ಅರಮನೆಯ ಎದುರು ಹಕ್ಕೆಂದು ಕೇಳಿದ್ದು ಆ ಕಾಲಕ್ಕೆ ದೊಡ್ಡ ಮಾತು. ಬೇಡುವುದು ಬೇರೆ, ಕೇಳುವುದು ಬೇರೆ ಎಂಬುದನ್ನು ಅವರು ಬಲ್ಲವರಾಗಿದ್ದರು.

ಅರಮನೆ ಹಿಂದೆ ಸರಿದಂತೆ ಅದರ ಜಾಗಕ್ಕೆ ಬಂದದ್ದು ಬಾನುಲಿ. ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆಯಲ್ಲೇ 30 ವಾಟ್‌ನ ಪುಟ್ಟ ಪ್ರಸಾರಯಂತ್ರ ಇಟ್ಟುಕೊಂಡು ಪ್ರಸಾರ ಶುರು ಮಾಡಿದರು. ಆಕಾಶವಾಣಿ ಎಂಬ ಹೆಸರು ಹುಟ್ಟಿದ್ದು ಅಲ್ಲಿ. ಮೊದಲ ವರ್ಷಗಳಲ್ಲಿ ಖರ್ಚು ಬಹುಮಟ್ಟಿಗೆ ಗೋಪಾಲಸ್ವಾಮಿಯವರ ಕೈಯಿಂದಲೇ ನಡೆಯಿತು. 1942ರಲ್ಲಿ ನಿಲಯ ಮೈಸೂರು ಸರ್ಕಾರದ ವಶಕ್ಕೆ ಬಂತು; 1950ರ ಏಪ್ರಿಲ್ 1ರಂದು ಕೇಂದ್ರ ಸರ್ಕಾರದ ಆಲ್ ಇಂಡಿಯಾ ರೇಡಿಯೊದಲ್ಲಿ ಸೇರಿಹೋಯಿತು. ಅದೇ ವರ್ಷದ ಜನವರಿ 8ರಂದು ಧಾರವಾಡ ನಿಲಯ ಆರಂಭವಾಗಿತ್ತು. 1955ರ ನವೆಂಬರ್ 2ರಂದು ಬೆಂಗಳೂರು ನಿಲಯ ತೆರೆದಾಗ ಮೈಸೂರಿನ ಕೆಲಸ ಅಲ್ಲಿಗೆ ವರ್ಗವಾಯಿತು. ಭದ್ರಾವತಿ 1965ರಲ್ಲಿ, ಗುಲ್ಬರ್ಗ 1966ರಲ್ಲಿ ಬಂದವು. ಮೈಸೂರು 1974ರಲ್ಲಿ ಮತ್ತೆ ಎದ್ದಿತು. ಕನ್ನಡದ ಸಂಗೀತಗಾರನಿಗೆ, ನಟನಿಗೆ, ಬರಹಗಾರನಿಗೆ ಇಪ್ಪತ್ತೇ ವರ್ಷಗಳಲ್ಲಿ ಹೊಸ ಧಣಿ ಸಿಕ್ಕಂತಾಯಿತು. ನಾಟಕ ಕಂಪನಿಗಳು ಒಂದೊಂದಾಗಿ ಪರದೆ ಇಳಿಸುತ್ತಿದ್ದ ದಿನಗಳು ಅವು. ಗುಬ್ಬಿ ಕಂಪನಿಯಂಥ ದೊಡ್ಡ ಸಂಸ್ಥೆಯನ್ನು ಕೊಟ್ಟ ತುಮಕೂರು ಸೀಮೆಯಲ್ಲೂ ಊರೂರು ಸುತ್ತಿ ಬಣ್ಣ ಹಚ್ಚಿ ಹೊಟ್ಟೆ ಹೊರೆಯುವುದು ಕಷ್ಟವಾಗಿತ್ತು. ತಿಂಗಳ ಕೊನೆಗೆ ಇಷ್ಟು ಎಂದು ಹಣ ಕೊಡುವ ಸ್ಟುಡಿಯೊ ಕಲಾವಿದನಿಗೆ ಸ್ವರ್ಗವಾಗಿ ಕಂಡದ್ದು ಸಹಜ.

ನಿಲಯದ ಕಲಾವಿದರನ್ನು ಒಪ್ಪಂದದ ಮೇಲೆ ತೆಗೆದುಕೊಳ್ಳುವ ಪದ್ಧತಿ ಯಾರನ್ನೋ ಶೋಷಿಸಬೇಕೆಂದು ಹುಟ್ಟಿದ್ದಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಸರ್ಕಾರಿ ಹುದ್ದೆಯೆಂದರೆ ವಿದ್ಯಾರ್ಹತೆ, ವಯಸ್ಸಿನ ಮಿತಿ, ಲೋಕಸೇವಾ ಆಯೋಗದ ಪರೀಕ್ಷೆ ಎಲ್ಲ ಬೇಕು. ಗುರುವಿನ ಮನೆಯಲ್ಲಿ ಹತ್ತು ವರ್ಷ ಸಾಧನೆ ಮಾಡಿದ ಪಿಟೀಲುಗಾರನ ಬಳಿ ಮೆಟ್ರಿಕ್ ಸರ್ಟಿಫಿಕೇಟ್ ಇರದಿದ್ದರೆ? ಓಲಗದ ಮನೆತನದಿಂದ ಬಂದವನು ಅರ್ಜಿ ನಮೂನೆಯನ್ನೇ ನೋಡಿರದಿದ್ದರೆ? ಐವತ್ತು ದಾಟಿದ ಕವಿ ಬೇಕೆಂದರೆ? ನಿಯಮಗಳನ್ನು ಬದಿಗಿಟ್ಟು ಇಂಥವರನ್ನು ಒಳಗೆ ತರಲು ಒಪ್ಪಂದವೇ ಸುಲಭ ದಾರಿಯಾಯಿತು. ದರ್ಜೆ ತಿಳಿಯಲು ಆಡಿಷನ್ ಇತ್ತು, ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದ 1952ರಿಂದ 1962ರ ಅವಧಿಯಲ್ಲಿ ಅದು ಕಟ್ಟುನಿಟ್ಟಾದ ವ್ಯವಸ್ಥೆಯೇ ಆಯಿತು. ಹೆಸರಾಂತ ಸಾಹಿತಿ, ಸಂಗೀತಗಾರರನ್ನು ಪ್ರೊಡ್ಯೂಸರ್ ಅಥವಾ ಸಲಹೆಗಾರರಾಗಿ ಕರೆತರುವ ಯೋಜನೆಯೂ ಅದೇ ಕಾಲದ್ದು. ದ.ರಾ. ಬೇಂದ್ರೆ 1956ರಿಂದ ಸುಮಾರು ಹತ್ತು ವರ್ಷ ಧಾರವಾಡ ನಿಲಯದ ಸಾಹಿತ್ಯ ಸಲಹೆಗಾರರಾಗಿದ್ದರು. ಮಲ್ಲಿಕಾರ್ಜುನ ಮನಸೂರರು ಅದೇ ನಿಲಯಕ್ಕೆ ಸಂಗೀತ ಸಲಹೆಗಾರರಾದರು. ಎನ್ಕೆ ಎಂದು ಹೆಸರಾದ ಎನ್.ಕೆ. ಕುಲಕರ್ಣಿಯವರು ಅಲ್ಲಿ ನಾಟಕ ವಿಭಾಗವನ್ನು ಬೆಳೆಸಿದರು. ಬೆಂಗಳೂರಿನಲ್ಲಿ ವೀಣಾ ವಿದ್ವಾಂಸ ವಿ. ದೊರೆಸ್ವಾಮಿ ಅಯ್ಯಂಗಾರರು ಸಂಗೀತ ವಿಭಾಗದಲ್ಲಿ ದುಡಿದರು. ನಿಯಮಾವಳಿಯ ಜರಡಿ ಹಿಡಿದಿದ್ದರೆ ಇವರಲ್ಲಿ ಎಷ್ಟು ಜನ ಒಳಬರುತ್ತಿದ್ದರೋ ಹೇಳಲಾಗದು. ಕನ್ನಡ ಬಾನುಲಿಯ ಒಳ್ಳೆಯ ಕಾಲಕ್ಕೆ ಈ ಸಡಿಲಿಕೆಯ ಋಣ ಇದೆ.

ತೊಂದರೆ ಬಂದದ್ದು ಆ ಸಡಿಲಿಕೆಯ ಇನ್ನೊಂದು ಮಗ್ಗುಲಿನಿಂದ. ಒಂದು ಸಲಕ್ಕೆ ಇಂತಿಷ್ಟು ವರ್ಷದ ಮಟ್ಟಿಗೆ ಒಪ್ಪಂದ. ಮುಗಿಯುವ ಮುನ್ನ ನವೀಕರಣಕ್ಕೆ ಕಾಯಬೇಕು. ನಿಲಯದ ನಿರ್ದೇಶಕರ ವರದಿ ಚೆನ್ನಾಗಿದ್ದರೆ ಮುಂದುವರಿಕೆ, ಇಲ್ಲವಾದರೆ ನೋಟಿಸು. ಹಣ ಬರುತ್ತಿದ್ದುದು ಸಿಬ್ಬಂದಿಯ ವೇತನದ ಲೆಕ್ಕಶೀರ್ಷಿಕೆಯಿಂದಲ್ಲ, ಕಲಾವಿದರ ಸಂಭಾವನೆಯ ಶೀರ್ಷಿಕೆಯಿಂದ. ಸರ್ಕಾರಿ ನೌಕರನಿಗೆ ವೇತನಶ್ರೇಣಿ ಇದ್ದಂತೆ ಇವರಿಗೆ ಸಂಭಾವನೆಯ ಶ್ರೇಣಿ ಇತ್ತು. ಆದರೆ ವೇತನ ಆಯೋಗದ ಶಿಫಾರಸು ಬಂದಾಗ ಅದು ತಾನಾಗಿ ಇವರಿಗೆ ಅನ್ವಯವಾಗುತ್ತಿರಲಿಲ್ಲ. ಪ್ರತಿ ಸೌಲಭ್ಯಕ್ಕೂ ಪ್ರತ್ಯೇಕವಾಗಿ ಮನವಿ ಬರೆಯಬೇಕು, ಸಂಘದ ಮೂಲಕ ದೆಹಲಿಗೆ ಓಡಾಡಬೇಕು. ಬಡ್ತಿಯ ಏಣಿಯೂ ಗಿಡ್ಡದು. ಕಾರ್ಯಕ್ರಮ ನಿರ್ವಾಹಕನೆಂಬ ಅಧಿಕಾರಿ ಲೋಕಸೇವಾ ಆಯೋಗದ ಮೂಲಕ ಬಂದ ಸರ್ಕಾರಿ ನೌಕರ. ಪಕ್ಕದ ಮೇಜಿನಲ್ಲಿ ಅದೇ ಬಗೆಯ ಕೆಲಸ ಮಾಡುವ ಪ್ರೊಡ್ಯೂಸರ್ ಒಪ್ಪಂದದ ಕಲಾವಿದ. ಕೆಲಸವನ್ನು ಬಲ್ಲವನು ಒಬ್ಬ, ಕಡತಕ್ಕೆ ಸಹಿ ಹಾಕುವವನು ಇನ್ನೊಬ್ಬ. ಇವರಿಬ್ಬರ ನಡುವಿನ ಜ್ಯೇಷ್ಠತೆಯ ಜಗಳ ಆಕಾಶವಾಣಿಯ ಒಳಗನ್ನು ದಶಕಗಳ ಕಾಲ ಕೆಡಿಸಿತು. ಅಶೋಕ್ ಚಂದಾ ಅಧ್ಯಕ್ಷತೆಯ ಸಮಿತಿ 1966ರಲ್ಲಿ ಪ್ರಸಾರ ಮಾಧ್ಯಮಗಳ ಬಗ್ಗೆ ವರದಿ ಕೊಟ್ಟು, ರೇಡಿಯೊವನ್ನು ಇಲಾಖೆಯ ಹಿಡಿತದಿಂದ ಬಿಡಿಸಿ ಸ್ವಾಯತ್ತ ನಿಗಮ ಮಾಡಬೇಕೆಂದಿತು. 1978ರಲ್ಲಿ ಬಿ.ಜಿ. ವರ್ಗೀಸ್ ಸಮಿತಿಯೂ ಸ್ವಾಯತ್ತತೆಯನ್ನೇ ಒತ್ತಿ ಹೇಳಿತು. ಎರಡೂ ವರದಿಗಳು ಬಹುಕಾಲ ಕಪಾಟಿನಲ್ಲೇ ಉಳಿದವು.

ಆ ದಿನಗಳ ಒಂದು ಸಾಮಾನ್ಯ ಬೆಳಗಿನ ಪ್ರಸಾರವನ್ನು ಹತ್ತಿರದಿಂದ ನೋಡಿದರೆ ಈ ವ್ಯವಸ್ಥೆಯ ವಕ್ರತೆ ತಿಳಿಯುತ್ತದೆ. ಬೆಳಿಗ್ಗೆ ಆರಕ್ಕೆ ಮುಂಚೆಯೇ ಸಂಕೇತ ಸಂಗೀತ ಗಾಳಿಯಲ್ಲಿರಬೇಕು. ವಾಲ್ಟರ್ ಕಾಫ್‌ಮನ್ 1930ರ ದಶಕದಲ್ಲಿ ರಚಿಸಿದ ಆ ಧಾಟಿಯನ್ನು ಕೇಳಿಯೇ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತುತ್ತಿತ್ತು. ಅದಕ್ಕೆ ಅರ್ಧ ಗಂಟೆ ಮೊದಲಾದರೂ ಉದ್ಘೋಷಕ ಸ್ಟುಡಿಯೊದಲ್ಲಿ ಹಾಜರಿರಬೇಕು. ದಿನದ ಕ್ಯೂ ಷೀಟು ಓದಿ, ಟೇಪುಗಳನ್ನು ಸರದಿಯಲ್ಲಿ ಜೋಡಿಸಿ, ಗ್ರಾಮಫೋನ್ ತಟ್ಟೆಯ ಮೇಲೆ ಮುಳ್ಳು ಇಡುವ ಜಾಗ ಗುರುತು ಮಾಡಿಕೊಳ್ಳಬೇಕು. ವಂದೇ ಮಾತರಂ ಮುಗಿದೊಡನೆ ಫೇಡರ್ ಏರಿಸಿ ನಿಲಯದ ಹೆಸರು, ತರಂಗಾಂತರ, ದಿನಾಂಕ ಹೇಳಬೇಕು. ದೆಹಲಿಯ ವಾರ್ತೆ ಬರುವ ಗಳಿಗೆಗೆ ಕೈಯಲ್ಲಿನ ಹಾಡು ಸೆಕೆಂಡಿನ ಲೆಕ್ಕದಲ್ಲಿ ಮುಗಿಯಬೇಕು. ಐದು ಸೆಕೆಂಡು ಮೌನ ಉಳಿದರೂ ದಾಖಲೆಪುಸ್ತಕದಲ್ಲಿ ಬರೆದು ವಿವರಣೆ ಕೊಡಬೇಕು. ಗಾಜಿನ ಆಚೆ ಕಂಟ್ರೋಲ್ ರೂಮಿನಲ್ಲಿ ಕುಳಿತ ಎಂಜಿನಿಯರ್ ಸರ್ಕಾರಿ ನೌಕರ. ಬಾಗಿಲ ಬಳಿಯ ಜವಾನ ಸರ್ಕಾರಿ ನೌಕರ. ಕರ್ತವ್ಯಾಧಿಕಾರಿಯೂ ಅಷ್ಟೇ. ನಾಡಿಗೆಲ್ಲ ಕೇಳುವ ದನಿಯವನು ಮಾತ್ರ ಹೊರಗಿನವ. ತಡವಾದರೆ ಶಿಸ್ತುಕ್ರಮ, ರಜೆಗೆ ಅರ್ಜಿ, ಹೊರಗೆ ಹಾಡಲು ಅನುಮತಿ, ಇವೆಲ್ಲದರಲ್ಲೂ ಅವನು ನೌಕರನೇ. ನಿವೃತ್ತಿಯ ದಿನ ಕಲಾವಿದ. ಸರ್ಕಾರದ ವಾದದಲ್ಲಿ ಅತಿ ದುರ್ಬಲವಾದ ಜಾಗ ಇದೇ. ಮುಂದೆ ನ್ಯಾಯಾಲಯಗಳು ಹಿಡಿದದ್ದೂ ಇದನ್ನೇ.

ಈ ದನಿಗಳು ಮುಟ್ಟುತ್ತಿದ್ದ ಜಾಗಗಳ ಹರವನ್ನೂ ನೆನೆಯಬೇಕು. ಬೆಂಗಳೂರು ನಿಲಯದ 612 ಕಿಲೊಹರ್ಟ್ಸ್ ಮಧ್ಯಮ ತರಂಗ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಕಡೆ ದಶಕಗಳ ಕಾಲ ಮನೆಮಾತಾಗಿತ್ತು. ಬಲಸಮುದ್ರದಂಥ ಹಳ್ಳಿಗಳಿಗೆ ಪತ್ರಿಕೆ ತಲುಪುವ ಮೊದಲೇ ಪ್ರದೇಶ ಸಮಾಚಾರ ತಲುಪುತ್ತಿತ್ತು. ಮಳೆ ಕೈಕೊಡುವ ಸೀಮೆಯಲ್ಲಿ ಹವಾಮಾನದ ವರದಿ, ಕಡಲೆಕಾಯಿಯ ಬಿತ್ತನೆಯ ಮಾತು, ಪೇಟೆ ಧಾರಣೆ ಎಲ್ಲಕ್ಕೂ ರೇಡಿಯೊವೇ ಗತಿ. ರೈತರ ಕಾರ್ಯಕ್ರಮಗಳಲ್ಲಿ ಹಳ್ಳಿಯ ಹಿರಿಯನಂತೆ, ನೆರೆಮನೆಯವಳಂತೆ ಹರಟುತ್ತಿದ್ದ ಪಾತ್ರಗಳ ಹಿಂದೆ ಇದ್ದವರು ನಾಟಕದ ಕಲಾವಿದರು. ಕೇಳುಗರು ಕಾಗದ ಬರೆಯುತ್ತಿದ್ದುದು ಪಾತ್ರದ ಹೆಸರಿಗೆ. ಬೆಂಗಳೂರು ನಿಲಯದಲ್ಲಿ ಈರಣ್ಣನ ಪಾತ್ರಕ್ಕೆ ದನಿಯಾದ ಎ.ಎಸ್. ಮೂರ್ತಿಯವರನ್ನು ಜನ ಕೊನೆಯವರೆಗೂ ಆಕಾಶವಾಣಿ ಈರಣ್ಣ ಎಂದೇ ಕರೆದರು. ಇಷ್ಟು ಪ್ರೀತಿ ಗಳಿಸಿದ ಉದ್ಯೋಗಕ್ಕೆ ಭದ್ರತೆ ಇರಲಿಲ್ಲ ಎಂಬುದು ಕೇಳುಗರಲ್ಲಿ ಬಹುಪಾಲು ಜನಕ್ಕೆ ಗೊತ್ತೇ ಇರಲಿಲ್ಲ.

ಪಿಂಚಣಿಯ ಬದಲಿಗೆ ಇವರಿಗಿದ್ದದ್ದು ಅಂಶದಾಯಿ ಭವಿಷ್ಯನಿಧಿ. ಕಲಾವಿದ ತನ್ನ ಸಂಭಾವನೆಯಿಂದ ಒಂದು ಪಾಲು ಕಟ್ಟಿದರೆ ಸರ್ಕಾರವೂ ತನ್ನ ಪಾಲು ಹಾಕುತ್ತಿತ್ತು. ಕೆಲಸ ಮುಗಿದಾಗ ಎಲ್ಲವೂ ಇಡುಗಂಟಾಗಿ ಕೈಸೇರುತ್ತಿತ್ತು. ಇಡುಗಂಟು ಕಂಡಾಗ ದೊಡ್ಡದಾಗಿ ತೋರುತ್ತದೆ. ಮಗಳ ಮದುವೆ, ಅರ್ಧಕ್ಕೆ ನಿಂತ ಮನೆ, ಹಳೆಯ ಸಾಲ ಇವುಗಳಲ್ಲಿ ಒಂದೆರಡು ವರ್ಷಕ್ಕೆ ಕರಗುತ್ತದೆ. ಪಿಂಚಣಿ ಹಾಗಲ್ಲ. ಅದು ಬದುಕಿರುವವರೆಗೆ ತಿಂಗಳು ತಿಂಗಳು ಬರುತ್ತದೆ, ಬೆಲೆ ಏರಿದರೆ ಪರಿಹಾರವೂ ಸೇರುತ್ತದೆ, ತೀರಿಕೊಂಡ ಮೇಲೆ ಹೆಂಡತಿಗೋ ಗಂಡನಿಗೋ ಕುಟುಂಬ ಪಿಂಚಣಿಯಾಗಿ ಮುಂದುವರಿಯುತ್ತದೆ. ಬೆರಳು ನಡುಗತೊಡಗಿದ ವೈಣಿಕನಿಗೆ, ಕಂಠ ಒಡೆದ ಹಾಡುಗಾರ್ತಿಗೆ ಹೊರಗಿನ ಕಛೇರಿಯ ಸಂಪಾದನೆಯೂ ನಿಂತಿರುತ್ತದೆ. ಗುಮಾಸ್ತನ ಮುಪ್ಪಿಗೂ ಕಲಾವಿದನ ಮುಪ್ಪಿಗೂ ಇರುವ ವ್ಯತ್ಯಾಸ ಇದು. ಕಲಾವಿದನಿಗೇ ಪಿಂಚಣಿ ಹೆಚ್ಚು ಬೇಕಿತ್ತು.

ಈ ನಡುವೆ ಕಾನೂನಿನ ನೆಲ ನಿಧಾನಕ್ಕೆ ಅಲುಗತೊಡಗಿತ್ತು. 1971ರಲ್ಲಿ ದೇವಕಿನಂದನ್ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪಿಂಚಣಿಯು ಸರ್ಕಾರ ಮನಸ್ಸು ಬಂದಾಗ ಕೊಡುವ ಇನಾಮಲ್ಲ, ನೌಕರನ ಹಕ್ಕು ಎಂದು ತೀರ್ಪು ಕೊಟ್ಟಿತು. 1982ರಲ್ಲಿ ರಣಧೀರ್ ಸಿಂಗ್ ಪ್ರಕರಣದಲ್ಲಿ ಸಮಾನ ಕೆಲಸಕ್ಕೆ ಸಮಾನ ವೇತನ ಎಂಬ ತತ್ವಕ್ಕೆ ಸಂವಿಧಾನದ ಬಲ ಸಿಕ್ಕಿತು. ಅದೇ ವರ್ಷದ ಡಿಸೆಂಬರ್ 17ರಂದು ಬಂದ ಡಿ.ಎಸ್. ನಕಾರಾ ತೀರ್ಪು, ಪಿಂಚಣಿಯು ಸಲ್ಲಿಸಿದ ಸೇವೆಗೆ ಮುಂದೂಡಿದ ಪ್ರತಿಫಲವೂ ಮುಪ್ಪಿನ ಸಾಮಾಜಿಕ ಭದ್ರತೆಯೂ ಹೌದೆಂದು ವಿವರಿಸಿತು. ಇವು ಯಾವುವೂ ರೇಡಿಯೊ ಕಲಾವಿದರ ಪ್ರಕರಣಗಳಲ್ಲ. ಆದರೂ ಅವರ ಸಂಘಗಳ ಮನವಿಗಳಿಗೆ ಇವು ಬೆನ್ನೆಲುಬಾದವು.

ಸರ್ಕಾರ ಮಣಿದದ್ದು ನಕಾರಾ ತೀರ್ಪಿಗೂ ಮೊದಲೇ, 1982ರಲ್ಲಿ. ಆ ವರ್ಷದ ಮೇ ತಿಂಗಳ ಆದೇಶದ ಪ್ರಕಾರ ಆಕಾಶವಾಣಿ ಮತ್ತು ದೂರದರ್ಶನದ ಒಪ್ಪಂದದ ಕಲಾವಿದರು ಬಯಸಿದರೆ ಸರ್ಕಾರಿ ನೌಕರರಾಗಬಹುದಿತ್ತು. ಅವರಿಗೆ ವೇತನಶ್ರೇಣಿ, ಪಿಂಚಣಿ ಎರಡೂ ಸಲ್ಲುತ್ತಿದ್ದವು. ಪ್ರತಿಯೊಬ್ಬರೂ ಆಯ್ಕೆಯನ್ನು ಬರೆದು ಕೊಡಬೇಕಿತ್ತು. ಬರೆಯುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ಒಪ್ಪಂದದಲ್ಲೇ ಉಳಿದರೆ 60ರವರೆಗೆ ದುಡಿಯುವ ಅವಕಾಶವಿತ್ತು. ಸರ್ಕಾರಿ ನೌಕರನ ನಿವೃತ್ತಿ ವಯಸ್ಸು ಆಗ 58. ಪಿಂಚಣಿ ಬೇಕೆಂದರೆ ಭವಿಷ್ಯನಿಧಿಯಲ್ಲಿ ಸರ್ಕಾರ ಹಾಕಿದ್ದ ಪಾಲನ್ನು ಬಡ್ಡಿ ಸಮೇತ ಬಿಟ್ಟುಕೊಡಬೇಕು. 57ರ ವಯಸ್ಸಿನ ಮೃದಂಗ ವಿದ್ವಾಂಸನೊಬ್ಬ ಎರಡು ವರ್ಷದ ಸಂಪಾದನೆಯನ್ನೂ ಇಡುಗಂಟಿನ ಅರ್ಧವನ್ನೂ ಒಂದು ತಟ್ಟೆಯಲ್ಲಿಟ್ಟು, ಇನ್ನೆಷ್ಟು ವರ್ಷ ಬದುಕಿರುತ್ತೇನೆಂಬ ಅಂದಾಜನ್ನು ಇನ್ನೊಂದು ತಟ್ಟೆಯಲ್ಲಿಟ್ಟು ತೂಗಬೇಕಾಯಿತು.

ಲೆಕ್ಕದಲ್ಲಿ ಇನ್ನೂ ಒಂದು ತೊಡಕಿತ್ತು. 1972ರ ಕೇಂದ್ರ ಪಿಂಚಣಿ ನಿಯಮಗಳ ಪ್ರಕಾರ ಪೂರ್ಣ ಪಿಂಚಣಿಗೆ 33 ವರ್ಷದ ಸೇವೆ ಬೇಕಿತ್ತು. ಕನಿಷ್ಠ ಹತ್ತು ವರ್ಷವಾದರೂ ಆಗಿರಬೇಕು. ಇಪ್ಪತ್ತೈದಕ್ಕೆ ಕೆಲಸಕ್ಕೆ ಸೇರುವ ಗುಮಾಸ್ತನಿಗೆ ಈ ಅಳತೆ ಸರಿಹೊಂದುತ್ತದೆ. ಕಲಾವಿದ ಬರುವುದು ತಡವಾಗಿ. ಹೆಸರು ಮಾಡಿದ ಮೇಲೆಯೇ ಅವನನ್ನು ಕರೆಯುವುದು. 42ನೇ ವಯಸ್ಸಿಗೆ ನಿಲಯ ಸೇರಿ 58ಕ್ಕೆ ನಿವೃತ್ತನಾದವನ ಸೇವೆ 16 ವರ್ಷ. ಕೊನೆಯ ಹತ್ತು ತಿಂಗಳ ಸರಾಸರಿ ವೇತನ 1,000 ರೂಪಾಯಿ ಎಂದಿಟ್ಟುಕೊಂಡರೆ ಪೂರ್ಣ ಪಿಂಚಣಿ 500 ರೂಪಾಯಿ. 33ರಲ್ಲಿ 16 ಪಾಲಿನಂತೆ ಅವನಿಗೆ ಸಿಗುವುದು ಸುಮಾರು 242. ಯಾವ ಗುಣಕ್ಕಾಗಿ ನಿಯಮ ಸಡಿಲಿಸಿ ಅವನನ್ನು ಕರೆತಂದಿದ್ದರೋ ಆ ಗುಣ ಗಳಿಸಲು ಕಳೆದ ವರ್ಷಗಳು ಲೆಕ್ಕಕ್ಕೆ ಬರಲಿಲ್ಲ. 33 ವರ್ಷದ ಈ ಕಟ್ಟು ಹೋದದ್ದು 2006ರಿಂದ, ಆರನೇ ವೇತನ ಆಯೋಗದ ಶಿಫಾರಸಿನ ಮೇಲೆ. ಅಷ್ಟರಲ್ಲಿ ಮೊದಲ ತಲೆಮಾರಿನ ನಿಲಯ ಕಲಾವಿದರಲ್ಲಿ ಹೆಚ್ಚಿನವರು ಇರಲಿಲ್ಲ. 1982ಕ್ಕೆ ಮೊದಲೇ ನಿವೃತ್ತರಾದವರಂತೂ ಆದೇಶದ ಹೊರಗೇ ಉಳಿದರು. ಕನ್ನಡ ಬಾನುಲಿಗೆ ಅಡಿಪಾಯ ಹಾಕಿದವರು ಅವರೇ ಎಂಬುದನ್ನು ನೆನೆದರೆ ಇದು ಆ ಆದೇಶದ ದೊಡ್ಡ ಕೊರತೆ.

ಆದೇಶ ಬಂದ ಮೇಲೂ ವ್ಯಾಜ್ಯ ನಿಲ್ಲಲಿಲ್ಲ. ಹಳೆಯ ಒಪ್ಪಂದದ ಕಾಲದಲ್ಲಿ ಇವರು ಏನಾಗಿದ್ದರು ಎಂಬುದು ತೀರ್ಮಾನವಾಗಬೇಕಿತ್ತು. ಜ್ಯೇಷ್ಠತೆ, ಬಾಕಿ ವೇತನ, ಸೇವಾವಧಿ ಎಲ್ಲ ಅದರ ಮೇಲೆ ನಿಂತಿದ್ದವು. ಎಂ.ಎ. ಚೌಧರಿ ಪ್ರಕರಣದಲ್ಲಿ 1987ರಲ್ಲಿ ಸುಪ್ರೀಂ ಕೋರ್ಟ್, ಆಕಾಶವಾಣಿಯ ನಿಲಯ ಕಲಾವಿದರು ಹೊಂದಿರುವುದು ಕೇಂದ್ರ ಸರ್ಕಾರದ ನಾಗರಿಕ ಹುದ್ದೆಯೇ ಎಂದು ಹೇಳಿತು. ಅಂದರೆ ಸಂವಿಧಾನದ 311ನೇ ವಿಧಿಯ ರಕ್ಷಣೆ ಅವರಿಗೂ ಉಂಟು; ವಿಚಾರಣೆಯಿಲ್ಲದೆ ಮನೆಗೆ ಕಳಿಸುವಂತಿಲ್ಲ. ಮರುವರ್ಷ ವೈ.ಕೆ. ಮೆಹ್ತಾ ಪ್ರಕರಣದಲ್ಲಿ ದೂರದರ್ಶನದ ಕಲಾವಿದರು, ಫಿಲ್ಮ್ಸ್ ಡಿವಿಷನ್‌ನಲ್ಲಿ ತಮ್ಮಂಥದೇ ಕೆಲಸ ಮಾಡುವವರಿಗೆ ಸಿಗುವ ವೇತನ ತಮಗೂ ಬೇಕೆಂದು ಕೇಳಿ ಗೆದ್ದರು. ಒಂದೇ ಸಚಿವಾಲಯದ ಎರಡು ಕಚೇರಿಗಳಲ್ಲಿ ಒಂದೇ ಕೆಲಸಕ್ಕೆ ಎರಡು ದರ ಇರಲು ಕಾರಣವಿಲ್ಲ ಎಂಬುದು ತೀರ್ಪಿನ ಸಾರ. ಕೇಂದ್ರ ಆಡಳಿತ ನ್ಯಾಯಮಂಡಳಿ 1985ರಲ್ಲಿ ಶುರುವಾಗಿ ಬೆಂಗಳೂರು ಪೀಠವೂ ಕೆಲಸ ಆರಂಭಿಸಿದ ಮೇಲೆ ಕರ್ನಾಟಕದ ಕಲಾವಿದರಿಗೆ ದೆಹಲಿಯವರೆಗೆ ಅಲೆಯುವ ಕಷ್ಟ ಕಡಿಮೆಯಾಯಿತು. ಪ್ರೊಡ್ಯೂಸರ್‌ಗಳೂ ಕಾರ್ಯಕ್ರಮ ನಿರ್ವಾಹಕರೂ ಒಂದೇ ಏಣಿಯಲ್ಲಿ ನಿಲ್ಲುವಂತೆ 1990ರಲ್ಲಿ ಭಾರತೀಯ ಪ್ರಸಾರ (ಕಾರ್ಯಕ್ರಮ) ಸೇವೆ ರಚನೆಯಾಯಿತು. ಆದರೂ ಯಾರು ಮೇಲೆ, ಯಾರು ಕೆಳಗೆ ಎಂಬ ಮೊಕದ್ದಮೆಗಳು ಮುಂದುವರಿದು, ಬಡ್ತಿ ಕಾಣದೆಯೇ ಅನೇಕರು ನಿವೃತ್ತರಾದರು.

ನಿಲಯದ ಕಲಾವಿದ ಖಾಯಂ ಆದಂತೆ ಅವನ ಕೆಳಗೆ ಇನ್ನೊಂದು ವರ್ಗ ಬೆಳೆಯಿತು. ಖಾಯಂ ಹುದ್ದೆ ದುಬಾರಿ. ತೆರವಾದ ಜಾಗಗಳನ್ನು ತುಂಬದೆ ಕ್ಯಾಶುಯಲ್ ಉದ್ಘೋಷಕರು, ನಿರೂಪಕರಿಂದ ಕೆಲಸ ಸಾಗಿಸುವುದು ರೂಢಿಯಾಯಿತು. ಧ್ವನಿ ಪರೀಕ್ಷೆ, ಲಿಖಿತ ಪರೀಕ್ಷೆ, ತರಬೇತಿ ಎಲ್ಲ ಮುಗಿಸಿ ಪಟ್ಟಿಗೆ ಸೇರಿದವರಿಗೆ ತಿಂಗಳಿಗೆ ಹೆಚ್ಚೆಂದರೆ ಆರು ಸರದಿ, ವರ್ಷಕ್ಕೆ 72. ಒಂದೊಂದು ಸರದಿಗೂ ಬೇರೆ ಕರಾರುಪತ್ರ, ಬೇರೆ ಸಂಭಾವನೆ. ಈ ಮಿತಿಯ ಹಿಂದಿನ ಯೋಚನೆ ಸ್ಪಷ್ಟ: ದಿನಗಳು ಹೆಚ್ಚಾದರೆ ಖಾಯಮಾತಿಯ ಹಕ್ಕು ಬರುತ್ತದೆ. ದೂರದರ್ಶನದ ಕ್ಯಾಶುಯಲ್ ಕಲಾವಿದರು ದೆಹಲಿಯ ನ್ಯಾಯಮಂಡಳಿಗೆ ಹೋದ ಫಲವಾಗಿ 1992ರಲ್ಲಿ ಒಂದು ಯೋಜನೆ ಬಂತು. 1991ರ ಡಿಸೆಂಬರ್ 31ರೊಳಗೆ ವರ್ಷಕ್ಕೆ 120 ದಿನ ದುಡಿದವರನ್ನು ಖಾಯಂ ಮಾಡಲು ಅದು ಅವಕಾಶ ಕೊಟ್ಟಿತು. ಆ ಗೆರೆಯ ಈಚೆಗೆ ಬಂದವರಿಗೆ ಬಾಗಿಲು ಮುಚ್ಚಿತು.

ಅದಕ್ಕೆ ಚಿಲಕ ಹಾಕಿದ್ದು ಕರ್ನಾಟಕದಿಂದಲೇ ಹೋದ ಒಂದು ಪ್ರಕರಣ. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ದಿನಗೂಲಿಗೆ ದುಡಿಯುತ್ತಿದ್ದವರ ಅರ್ಜಿಯಿಂದ ಬೆಳೆದ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರ ಏಪ್ರಿಲ್ 10ರಂದು ತೀರ್ಪಿತ್ತು, ನಿಯಮಾನುಸಾರ ಆಯ್ಕೆಯಾಗದೆ ಒಳಬಂದವರಿಗೆ ಎಷ್ಟೇ ವರ್ಷ ದುಡಿದರೂ ಖಾಯಮಾತಿಯ ಹಕ್ಕಿಲ್ಲ ಎಂದಿತು. ಮಂಜೂರಾದ ಹುದ್ದೆಯಲ್ಲಿ ನ್ಯಾಯಾಲಯದ ಆದೇಶದ ಆಸರೆಯಿಲ್ಲದೆ ಹತ್ತು ವರ್ಷ ಕಳೆದವರಿಗೆ ಮಾತ್ರ ಒಂದು ಬಾರಿಯ ರಿಯಾಯಿತಿ ಕೊಟ್ಟಿತು. ಹಿಂಬಾಗಿಲ ನೇಮಕಾತಿಯನ್ನು ತಡೆಯುವ ಉದ್ದೇಶ ಸರಿಯಾದದ್ದೇ. ಆದರೆ ಧ್ವನಿ ಪರೀಕ್ಷೆ ಕೊಟ್ಟು, ಮುಂಬಾಗಿಲಲ್ಲೇ ಬಂದು, ಮಂಜೂರಾದ ಹುದ್ದೆಯ ಕಾಗದವಿಲ್ಲದೆ ಇಪ್ಪತ್ತು ವರ್ಷ ದುಡಿದ ಉದ್ಘೋಷಕಿಗೂ ಅದೇ ಅಳತೆಗೋಲು ಬಿತ್ತು. ಒಪ್ಪಂದದ ಕಾಲದ ನಿಲಯ ಕಲಾವಿದನಿಗೆ ಪೂರ್ಣಾವಧಿ ಕೆಲಸವಾದರೂ ಇತ್ತು. ಇವರಿಗೆ ಅದೂ ಇಲ್ಲ.

ರಾಜ್ಯ ಸರ್ಕಾರದ ಕಡೆಗೆ ತಿರುಗಿದರೆ ಮೈಸೂರಿನ ರಂಗಾಯಣದಲ್ಲಿ ಇದೇ ಕಥೆ ರಂಗಭೂಮಿಯ ರೂಪದಲ್ಲಿ ಸಿಗುತ್ತದೆ. ಬಿ.ವಿ. ಕಾರಂತರ ನೇತೃತ್ವದಲ್ಲಿ 1989ರಲ್ಲಿ ಆರಂಭವಾದ ಈ ರೆಪರ್ಟರಿ ಯುವ ನಟನಟಿಯರನ್ನು ಆಯ್ದು ತಂದು ಪೂರ್ಣಾವಧಿ ರಂಗಕ್ಕೆ ತೊಡಗಿಸಿತು. ನಾಡಿಗೆ ಶ್ರೇಷ್ಠ ನಾಟಕಗಳನ್ನು ಕೊಟ್ಟ ಆ ತಂಡದೊಳಗೆ ಸೇವಾ ಭದ್ರತೆ, ವೇತನ, ನಿವೃತ್ತಿಯ ನಂತರದ ಬದುಕಿನ ಪ್ರಶ್ನೆಗಳು ಮತ್ತೆ ಮತ್ತೆ ಎದ್ದವು. ವಯಸ್ಸಾದ ನಟನನ್ನು ಇಟ್ಟುಕೊಳ್ಳಬೇಕೆ, ಹೊಸಬರಿಗೆ ಜಾಗ ಬಿಡಿಸಬೇಕೆ ಎಂಬ ಕಲಾತ್ಮಕ ಚರ್ಚೆ ಪ್ರತಿ ಸಲವೂ ಯಾರ ಅನ್ನದ ತಟ್ಟೆಗೋ ತಗಲುತ್ತಿತ್ತು. ಯಾವ ನೌಕರಿಯೂ ಇಲ್ಲದ ಹಳ್ಳಿಯ ಕಲಾವಿದರಿಗೆ, ಅಂದರೆ ಮೂಡಲಪಾಯದ ಭಾಗವತರು, ವೀರಗಾಸೆಯವರು, ತತ್ವಪದ ಹಾಡುವವರು ಮುಂತಾದವರಿಗೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನ ಇದೆ. ವಯಸ್ಸು 58 ದಾಟಿರಬೇಕು, ಕಷ್ಟದಲ್ಲಿರಬೇಕು, ಕಲಾಸೇವೆಯ ದಾಖಲೆ ಒದಗಿಸಬೇಕು. ಪಾವಗಡದ ಮೂಲೆಯ ಕಲಾವಿದ ಅದಕ್ಕಾಗಿ ತುಮಕೂರಿನ ಜಿಲ್ಲಾ ಕಚೇರಿಗೆ ಬರಬೇಕಾಗಿತ್ತು. ಬಯಲಲ್ಲಿ ರಾತ್ರಿಯಿಡೀ ಕುಣಿದವನ ಬಳಿ ಪ್ರಶಸ್ತಿಪತ್ರ, ಫೋಟೊ, ಪತ್ರಿಕೆಯ ತುಣುಕು ಇರುವುದು ಅಪರೂಪ. ಮಾಸಾಶನ ಆಸರೆಯೇನೋ ಹೌದು. ದುಡಿದ ವರ್ಷಗಳ ಲೆಕ್ಕದಲ್ಲಿ ಬೆಳೆಯುವ ಪಿಂಚಣಿಯ ಕಾನೂನುಬಲ ಅದಕ್ಕಿಲ್ಲ.

ಪ್ರಸಾರ ಭಾರತಿ ಕಾಯ್ದೆ 1990ರಲ್ಲಿ ಅಂಗೀಕಾರವಾಗಿ 1997ರಲ್ಲಿ ಜಾರಿಗೆ ಬಂತು. ಆಕಾಶವಾಣಿ ಮತ್ತು ದೂರದರ್ಶನ ನಿಗಮದ ಕೈಗೆ ಹೋದವು. ಸರ್ಕಾರಿ ನೌಕರರಾಗಲು ಹೆಣಗಿದ್ದವರ ಸ್ಥಾನಮಾನ ಮತ್ತೆ ತೂಗುಯ್ಯಾಲೆಗೆ ಬಿತ್ತು. ನಿಗಮದ ನೌಕರರಾದರೆ ಪಿಂಚಣಿ ಕೊಡುವವರು ಯಾರು ಎಂಬ ಆತಂಕ ಹದಿನೈದು ವರ್ಷ ಕಾಡಿತು. 2012ರಲ್ಲಿ ಜಾರಿಯಾದ ತಿದ್ದುಪಡಿ ಅದಕ್ಕೆ ಉತ್ತರ ಕೊಟ್ಟಿತು: 2007ರ ಅಕ್ಟೋಬರ್ 5ಕ್ಕೆ ಮೊದಲು ನೇಮಕವಾದವರೆಲ್ಲ ನಿವೃತ್ತಿಯವರೆಗೆ ನಿಯೋಜನೆಯ ಮೇಲಿರುವ ಕೇಂದ್ರ ಸರ್ಕಾರಿ ನೌಕರರೆಂದೇ ಪರಿಗಣಿತರು. ಹೀಗೆ ಹಳೆಯ ನಿಲಯ ಕಲಾವಿದರ ಪಿಂಚಣಿ ಭದ್ರವಾಯಿತು. 2004ರ ಜನವರಿ 1ರಂದು ಅಥವಾ ಅದರ ನಂತರ ಕೇಂದ್ರ ಸೇವೆಗೆ ಸೇರಿದವರು ಹೊಸ ಪಿಂಚಣಿ ವ್ಯವಸ್ಥೆಗೆ ಒಳಪಟ್ಟರು. ತಿಂಗಳಿಗೆ ಆರು ಸರದಿಯ ಉದ್ಘೋಷಕರಿಗೆ ಈ ಯಾವ ತಿದ್ದುಪಡಿಯೂ ಅನ್ವಯಿಸಲಿಲ್ಲ. ಅವರ ಮನವಿಗಳು ನ್ಯಾಯಮಂಡಳಿಗಳ ಮುಂದೆ ಹೋಗುತ್ತಲೇ ಬಂದವು.